ಕಿಟಕಿ ಪಕ್ಕ ಓದಿದ ಫೈಲು

ಯಶವಂತಪುರದ ಹೊಡೆದಾಟದ ಕೇಸಲ್ಲಿ ಮುನಿರಾಜು ಜೈಲಿಗೆ ಹೋಗಿ ಐದು ವರ್ಷ ಆಗಿತ್ತು. ಅಪೀಲು ನನ್ನ ಕೈಗೆ ಬಂತು. ಹೊಡೆದಾಟ ಆದ ದಿನ ಎಲ್ಲಿದ್ಯಪ್ಪಾ ಅಂದ್ರೆ, "ಹಳೇ ಲಾಯರನ್ನೇ ಕೇಳಿ ಸಾರ್" ಅಂದ. ಸರಿ, ಅವನ ಹೆಂಡ್ತಿ ರತ್ನಮ್ಮನ ಜೊತೆ ಪುಟ್ಟೇನಹಳ್ಳಿಯಲ್ಲಿದ್ದ ಆ ಲಾಯರ ಮನೆಗೆ ಹೋದೆ.

"ನನ್ನ ಗುಟ್ಟೆಲ್ಲ ಹೊಸ ಲಾಯರಿಗೆ ಹೇಳಬಹುದು" ಅಂತ ನಾನೇ ಬರೆದು ಮುನಿರಾಜು ಹತ್ರ ಸೈನ್ ಹಾಕಿಸಿದ್ದ ಪತ್ರಾನ ಹಳೇ ಲಾಯರು ಎರಡು ಸಲ ಓದಿದ್ರು.

"ಇದು ನಿಮಗೆ ಮಾತ್ರ ಕಣ್ರೀ. ಅಮ್ಮಾ, ನೀವು ಹೊರಗಡೆ ಕೂತ್ಕೊಳ್ಳಿ."

ರತ್ನಮ್ಮ ಗೊಣಗ್ತಾ ಹೋದ್ರು. ಲಾಯರು ಸೆಕೆ ಅಂತ ಕಿಟಕಿ ತೆಗೆದ್ರು. ಅವರಿಗೆ ಕಿವಿ ಮಂದ, ಗಂಟಲು ದೊಡ್ಡದು. ಮುನಿರಾಜು ಹೇಳಿದ್ದನ್ನ ಫೈಲಿಂದ ಓದಿದ್ರು: "ಆವತ್ತು ಹೆಸರಘಟ್ಟದಲ್ಲಿ ಭಾಮೈದನ ಮನೇಲಿ ಊಟ ಮಾಡ್ತಿದ್ದೆ. ಕೋರ್ಟಲ್ಲಿ ಹೇಳಬೇಡಿ. ಅವನಿಗೂ ನನ್ನ ಹೆಂಡ್ತಿಗೂ ಮಾತಿಲ್ಲ. ಗೊತ್ತಾದ್ರೆ ಅವಳು ನನ್ನ ಸುಮ್ನೆ ಬಿಡಲ್ಲ."

ಕಿಟಕಿ ಆಚೆಯಿಂದ ರತ್ನಮ್ಮನ ದನಿ ಬಂತು. "ಜೈಲಿಗಿಂತ ನಾನಂದ್ರೇನೇ ಜಾಸ್ತಿ ಭಯಾನಾ ಈ ಮನುಷ್ಯಂಗೆ!" ಆಮೇಲೆ ಫೋನಲ್ಲಿ, "ಲೋ, ನಾನು ಕಣೋ, ನಿಮ್ಮಕ್ಕ. ಸಾಕ್ಷಿ ಹೇಳೋಕೆ ಬರ್ತೀಯಾ? ಅಳಬೇಡ್ವೋ, ಬರ್ತೀಯೋ ಇಲ್ವೋ ಹೇಳು."

ನಾನು ಗಾಬರಿಯಿಂದ ಲಾಯರ ಮುಖ ನೋಡಿದೆ.

"ಪತ್ರ ಬರೆದಿದ್ದು ನೀವು. ಕಿಟಕಿ ಮುಚ್ಚಬೇಕು ಅಂತ ಎಲ್ಲೂ ಇಲ್ಲ" ಅಂದ್ರು.

ಇವತ್ತಿಗೂ ನನ್ನ ಪತ್ರಗಳಲ್ಲಿ ಆ ಸಾಲು ಹಾಕೋಕೆ ಮರೀತಾನೇ ಇದೀನಿ.