ಪೇತ್ರನ ಅತ್ತೆಯ ಜ್ವರ

ರೊಟ್ಟಿ ತಟ್ಟುತ್ತಿದ್ದೆ. ಹಿಟ್ಟಿನ ಮೇಲಿದ್ದ ಕೈ ಏಳಲಿಲ್ಲ. ಕಣ್ಣುಗುಡ್ಡೆಯ ಹಿಂದೆ ಯಾರೋ ಒತ್ತಿದಂಥ ನೋವು. ಆದರೂ ಉಳಿದ ರೊಟ್ಟಿಗಳನ್ನು ಬೇಯಿಸಿಯೇ ಮಲಗಿದೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಡೆಂಗ್ಯೂ.

ಚಿತ್ರದುರ್ಗದ ಆಸ್ಪತ್ರೆಯಲ್ಲಿ ಆರು ದಿನ. ಕೈಗೆ ಡ್ರಿಪ್, ದಿನವೂ ಪ್ಲೇಟ್‌ಲೆಟ್ ಪರೀಕ್ಷೆ. ಡಿಸ್ಚಾರ್ಜ್ ಮಾಡುವಾಗ ಡಾಕ್ಟರಮ್ಮ ಮಗಳಿಗೆ ಹೇಳಿದರು: "ಜ್ವರ ಬಿಟ್ಟೈತೆ ಅಂತ ಇವರನ್ನ ಕೆಲಸಕ್ಕೆ ಎಬ್ಬಿಸಬೇಡ್ರಿ. ಎರಡು ವಾರ ರೆಸ್ಟ್ ಬೇಕು." ಮಗಳು ತಲೆಯಾಡಿಸಿದಳು.

ಚಿಕ್ಕಜಾಜೂರಿನ ಮನೆಗೆ ಬಂದ ಮೂರನೆಯ ದಿನವೇ ಕೃತಜ್ಞತಾ ಪ್ರಾರ್ಥನೆ. ರೈಲ್ವೆಯಲ್ಲಿರುವ ಅಳಿಯ ಚರ್ಚಿನವರನ್ನೆಲ್ಲ ಕರೆದಿದ್ದ. ನಾನು ನಡುಮನೆಯ ಮಂಚದ ಮೇಲೆ ದಿಂಬಿಗೊರಗಿದ್ದೆ. ಪಾಸ್ಟರ್ ಬೈಬಲ್ ತೆರೆದು ಯೇಸುವಿನ ಶಿಷ್ಯ ಪೇತ್ರನ ಅತ್ತೆಯ ಕಥೆ ಓದಿದರು. ಯೇಸು ಕೈಹಿಡಿದು ಎಬ್ಬಿಸಿದ, ಜ್ವರ ಬಿಟ್ಟಿತು, ಅವಳು ಎದ್ದು ಬಂದವರನ್ನೆಲ್ಲ ಉಪಚರಿಸಿದಳು. ಅವಳ ಹೆಸರನ್ನು ಮಾತ್ರ ಯಾರೂ ಬರೆದಿಲ್ಲ.

"ನೋಡ್ರಿ, ಎಂಥ ಸೇವೆ," ಎಂದರು ಪಾಸ್ಟರ್.

ಪ್ರಾರ್ಥನೆ ಮುಗಿಯಿತು. ಮಗಳು ಬಗ್ಗಿ ನನ್ನ ಕಿವಿಯಲ್ಲಿ ಹೇಳಿದಳು: "ಅವ್ವ, ಕೈಲಾದ್ರೆ ಒಂಚೂರು ಕಾಫಿಗಿಡ್ತೀಯಾ? ನಾನು ಇವರನ್ನ ಮಾತಾಡಿಸ್ತಿರ್ತೀನಿ."

ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು.

ಅಭ್ಯಾಸಬಲ, ಕಾಲು ಕೆಳಗಿಟ್ಟೇಬಿಟ್ಟೆ. ನೆಲ ತೂಗಿತು. ಮತ್ತೆ ಕುಳಿತು ಕೇಳಿದೆ: "ಪಾಸ್ಟರೇ, ಆವತ್ತು ಆ ಮನೆಯಾಗೆ ಬೇರೆ ಯಾರೂ ಇರ್ಲಿಲ್ವೇನ್ರಿ?"

"ಪೇತ್ರ ಇದ್ದ, ಅವನ ತಮ್ಮ ಇದ್ದ, ಇನ್ನೂ ಇಬ್ಬರು ಶಿಷ್ಯರು ಇದ್ರಮ್ಮ."

"ಅತ್ತೆ ಇದ್ಲು ಅಂದ್ಮೇಲೆ ಹೆಂಡ್ತಿನೂ ಇದ್ದಿರ್ಬೇಕಲ್ಲ. ಅವಳೇನು ಮಾಡ್ತಿದ್ಲು?"

"ಅದನ್ನ ಬರೆದಿಲ್ಲಮ್ಮ."

"ಅತ್ತೆ ಮಲಗಿದ್ದಾಗ ಒಲೆ ಹಚ್ಚಿದ್ದು ಯಾರು?"

"ಅದನ್ನೂ ಬರೆದಿಲ್ಲ."

ಪಾಸ್ಟರ್ ಬೈಬಲ್ ಮುಚ್ಚಿದರು. ಸಂತೋಷಕ್ಕೇ ಎದ್ದಿರಬಹುದು ಪೇತ್ರನ ಅತ್ತೆ. ಇಲ್ಲವೆನ್ನಲು ನಾನು ಯಾರು? ಆದರೆ ಒಲೆಯ ಮುಂದೆ ಅವಳಿಗೆ ತಲೆ ತಿರುಗಿತೋ, ಗೋಡೆ ಹಿಡಿದು ನಿಂತಳೋ, ಅದನ್ನು ನೋಡಬೇಕಾದವರೆಲ್ಲ ಆಗ ಊಟಕ್ಕೆ ಕುಳಿತಿದ್ದಿರಬೇಕು.

ಅಳಿಯ ಎದ್ದು ಹೋದ. ಅಡುಗೆಮನೆಯಲ್ಲಿ ಡಬ್ಬಗಳ ಸದ್ದು. ಸ್ವಲ್ಪ ಹೊತ್ತಿಗೆ ಬಾಗಿಲಿಗೆ ಬಂದು ಕೇಳಿದ: "ಅತ್ತೆ, ಸಕ್ಕರೆ ಎಲ್ಲೈತೆ?"

ಹನ್ನೊಂದು ವರ್ಷದಿಂದ ಅದೇ ಮನೆಯಲ್ಲಿದ್ದಾನೆ. ಮಗಳ ಮುಖ ನೋಡಿದೆ. ಅವಳಿಗೂ ಗೊತ್ತಿರಲಿಲ್ಲ.

ಹೇಳಬೇಕೆಂದು ಬಾಯಿವರೆಗೆ ಬಂತು. ನುಂಗಿಕೊಂಡೆ. ಕಹಿ ಕಾಫಿಯನ್ನು ಬಂದವರೆಲ್ಲ ಪೂರ್ತಿ ಕುಡಿದರು. ನನ್ನ ಲೋಟವನ್ನು ಅಳಿಯ ಮಂಚದ ಹತ್ತಿರಕ್ಕೇ ತಂದುಕೊಟ್ಟ. ದೇವರಿಗೆ ಸ್ತೋತ್ರ ಅಂದುಕೊಂಡೆ. ಆವತ್ತು ನಾನು ಮನಸಾರೆ ಮಾಡಿದ ಪ್ರಾರ್ಥನೆ ಅದೊಂದೇ.