ಮಂಚಯ್ಯನವರ ಕಾಲಿಗೆ ತಲುಪಿದ ಚೆಂಡು

ಹಾಸನ ಜಿಲ್ಲೆಯಲ್ಲಿ ಫುಟ್‌ಬಾಲ್ ಆಡಿದವರು ಅನೇಕರು, ಆಡಿಸಿದವರು ಕೆಲವರು. ಆಡಿದವನಿಗೆ ನ್ಯಾಯ ಸಿಕ್ಕಿತೇ ಎಂದು ವಿಚಾರಿಸಿದವರನ್ನು ಹುಡುಕಹೊರಟರೆ ಶ್ರೀ ಪಾಲಾಕ್ಷಯ್ಯನವರ ಮನೆಯ ಮುಂದೆಯೇ ಬಂದು ನಿಲ್ಲಬೇಕಾಗುತ್ತದೆ. ಅರಕಲಗೂಡಿನಲ್ಲಿ ವ್ಯಾಯಾಮ ಶಿಕ್ಷಕರಾಗಿ ಸೇವೆಗೆ ಸೇರಿ, ಹಾಸನದಲ್ಲಿ ಎಂಟು ವರ್ಷ ದುಡಿದು, ೧೯೫೧ರಲ್ಲಿ ಹೊಳೆನರಸೀಪುರಕ್ಕೆ ವರ್ಗವಾಗಿ ಬಂದ ಅವರು ಈ ವರ್ಷ, ೧೯೬೬ರಲ್ಲಿ, ನಿವೃತ್ತರಾಗುತ್ತಿದ್ದಾರೆ. ಸಂತೆಯ ದಿನ ಅವರು ಸೀಟಿ ಊದಿದರೆ ಎತ್ತಿನ ಗಾಡಿಗಳೂ ನಿಲ್ಲುತ್ತಿದ್ದವೆಂಬ ಮಾತಿದೆ.

ಊರಿನ ತಂಡವನ್ನು ಆಯ್ಕೆ ಮಾಡುವ ಹೊಣೆಯೂ ಅವರದೇ ಆಗಿತ್ತು. ೧೯೫೭ರಲ್ಲಿ ಸೆಂಟರ್ ಫಾರ್ವರ್ಡ್, ಎಂದರೆ ಗೋಲು ಹೊಡೆಯಬೇಕಾದವರು, ಹಳ್ಳಿಮೈಸೂರಿನ ತರುಣ ಉಪಾಧ್ಯಾಯ ಮಂಚಯ್ಯನವರು. ಆರು ಪಂದ್ಯ ಮುಗಿದರೂ ಗೋಲು ಹುಟ್ಟಲಿಲ್ಲ. ತಂಡದ ಕಾರ್ಯದರ್ಶಿ, ಅಕ್ಕಿ ಗಿರಣಿಯ ಚನ್ನಪ್ಪನವರು, ಪಾಲಾಕ್ಷಯ್ಯ ಮೇಷ್ಟ್ರ ಮನೆಗೇ ಬಂದರು.

“ಅವನ್ನ ತೆಗ್ದಾಕಿ ಮೇಷ್ಟ್ರೇ.”

“ತೆಗೀಬಹುದು. ಅವಕಾಶ ಕೊಟ್ಟಿದ್ದೀವಾ ಅಂತ ನೋಡ್ಬೇಕಲ್ಲ?”

“ಆರು ಮ್ಯಾಚ್ ನಿಲ್ಸಿದ್ದೀವಲ್ಲ!”

“ನಿಲ್ಸಿದ್ದೀವಿ, ನಿಜ. ಗರುಡಗಂಬಾನೂ ನಿಂತೇ ಇರ್ತದೆ.”

ಅರಕಲಗೂಡಿನಲ್ಲಿ ನಡೆದ ಏಳನೆಯ ಪಂದ್ಯಕ್ಕೆ ಮೇಷ್ಟ್ರು ಎಡಜೇಬಿನಲ್ಲಿ ಹುಣಸೆಬೀಜ ತುಂಬಿಕೊಂಡು ಹೋದರು. ಮಂಚಯ್ಯನವರಿಗೆ ಚೆಂಡು ಸಿಕ್ಕಾಗಲೆಲ್ಲ ಒಂದು ಬೀಜ ಬಲಜೇಬಿಗೆ. ಆಟ ಮುಗಿದಾಗ ಬಲಜೇಬಿನಲ್ಲಿದ್ದವು ಎರಡೇ ಬೀಜ. ಒಂದು, ಎದುರಾಳಿ ಗುರಿತಪ್ಪಿ ಒದ್ದದ್ದು. ಇನ್ನೊಂದು, ಮೈದಾನಕ್ಕೆ ನುಗ್ಗಿದ ಕರುವಿನ ಕಾಲಿಗೆ ತಗುಲಿ ಬಂದದ್ದು.

ಆಟದುದ್ದಕ್ಕೂ ಮಂಚಯ್ಯನವರ ಪಕ್ಕದಲ್ಲೇ ಓಡುತ್ತಿದ್ದ ಗೌರೀಶಂಕರನನ್ನು, ಈತ ಚನ್ನಪ್ಪನವರ ಅಳಿಯ, ಮೇಷ್ಟ್ರು ಕೇಳಿದರು: “ಮಂಚಯ್ಯನಿಗೆ ಯಾಕಪ್ಪಾ ಚೆಂಡು ಕೊಡ್ಲಿಲ್ಲ?”

“ಕಾಣ್ಲಿಲ್ಲ ಸಾ.”

“ಆರಡಿ ಆಳು! ಕರು ಕಣ್ಣಿಗೆ ಕಂಡದ್ದು ನಿನಗೆ ಕಾಣ್ಲಿಲ್ವೇ?”

ಗೌರೀಶಂಕರ ನೀರು ಕುಡಿಯಲು ಹಂಡೆಯ ಕಡೆ ನಡೆದ. ಕಾರಣ ಮೇಷ್ಟ್ರಿಗೆ ಹೊಳೆಯಿತು. ತಂಡದವರೆಲ್ಲ ಒಂದೇ ಹಂಡೆಯ ನೀರು ಕುಡಿಯುವಾಗ ಮಂಚಯ್ಯನವರೊಬ್ಬರೇ ದೂರದ ಹೊಂಗೆಮರದಡಿ ಬೊಗಸೆಯೊಡ್ಡಿ ನಿಲ್ಲುತ್ತಿದ್ದುದು ಏಳು ಪಂದ್ಯಗಳಲ್ಲೂ ತಮ್ಮ ಕಣ್ಣೆದುರೇ ನಡೆದಿತ್ತಲ್ಲ ಎಂದು ಅವರಿಗೆ ನಾಚಿಕೆಯಾಯಿತು.

ಮುಂದಿನ ಪಂದ್ಯ ಚನ್ನರಾಯಪಟ್ಟಣದಲ್ಲಿ. ಸುಡುಬಿಸಿಲು. ಆಟಕ್ಕೆ ಮುನ್ನ ಮೇಷ್ಟ್ರು ಹಂಡೆಯಿಂದ ಮೊದಲ ಲೋಟ ಮೊಗೆದು ಮಂಚಯ್ಯನವರ ಕೈಗಿತ್ತರು; ಅದೇ ಲೋಟದಲ್ಲಿ ತಾವೂ ಕುಡಿದರು; ಮತ್ತೆ ಹಂಡೆಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, “ಬಾಯಾರಿದೋರು ಬನ್ನಿ. ಚೆಂಡು ಬಚ್ಚಿಡೋರು ನನ್ನ ಪಕ್ಕ ಬಂದು ಕೂತ್ಕೊಳ್ಳಿ” ಎಂದರು. ಅರ್ಧ ಆಟದವರೆಗೆ ಎಲ್ಲರೂ ಬಿಗುಮಾನದಿಂದಲೇ ಇದ್ದರು. ಆಮೇಲೆ ಮೊದಲು ಬಂದವನು ಗೌರೀಶಂಕರನೇ. ಮೂರು ಲೋಟ ಕುಡಿದ.

ಅಂದು ಮಂಚಯ್ಯನವರಿಗೆ ಹದಿನಾಲ್ಕು ಬಾರಿ ಚೆಂಡು ಸಿಕ್ಕಿತು. ಹದಿನಾಲ್ಕೂ ವ್ಯರ್ಥ! ಒಂದು ತೆಂಗಿನಮರ ದಾಟಿತು; ಒಂದು ಕಂಬಕ್ಕೆ ಬಡಿಯಿತು; ಗೋಲ್‌ಕೀಪರ್ ಜಾರಿ ಅಂಗಾತ ಬಿದ್ದಿದ್ದಾಗ ಹೊಡೆದದ್ದು ನೇರ ಅವನ ಹೊಟ್ಟೆಯ ಮೇಲೆಯೇ ಹೋಗಿ ಕೂತಿತು. ತಂಡ ಸೋತಿತು.

“ಈಗೇನಂತೀರಿ?” ಚನ್ನಪ್ಪನವರು ಹಲ್ಲು ಕಡಿದರು.

“ಈಗ ಅನ್ನಬಹುದು. ಇವನಿಗೆ ಗೋಲು ಹೊಡೆಯೋಕೆ ಬರೋದಿಲ್ಲ.”

ತೀರ್ಪನ್ನು ಮಂಚಯ್ಯನವರಿಗೆ ಹೇಳಲು ಮೇಷ್ಟ್ರು ಅಳುಕುತ್ತಲೇ ಬಸ್ಸಿನಲ್ಲಿ ಅವರ ಪಕ್ಕ ಕೂತರು. ಆದರೆ ಆ ಮಾತು ಆಗಲೇ ಕಿವಿಗೆ ಬಿದ್ದಿದ್ದ ಮಂಚಯ್ಯನವರು ಬಿದ್ದು ಬಿದ್ದು ನಗುತ್ತಿದ್ದರು.

“ನ್ಯಾಯವಾಗೇ ಏಳಿದ್ರಿ ಸಾ. ಇಷ್ಟ್ ದಿನ ಸೋಲ್ತಾ ಇದ್ದೋರು ಯಾರು ಅಂತ್ಲೇ ತಿಳೀತಿರ್ಲಿಲ್ಲ. ಇವತ್ತು ನಾನೇ ಸೋತೆ ಕಣ್ ಸಾ, ನನ್ನ ಕಾಲಿಂದ್ಲೇ ಸೋತೆ!”

ಮೇಷ್ಟ್ರು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಮರುವರ್ಷ ಆಯ್ಕೆ ಸಮಿತಿಗೆ ಅವರು ಮಂಚಯ್ಯನವರನ್ನೇ ಸೇರಿಸಿದರು. ಚನ್ನಪ್ಪನವರು ಒಂದು ತಿಂಗಳು ಮಾತು ಬಿಟ್ಟು, ಆಮೇಲೆ ಒಪ್ಪಿಕೊಂಡರು.

ನಿವೃತ್ತಿಯ ಬಳಿಕ ಸೈಕಲ್ಲಿನಲ್ಲೇ ಹೋಗಿ ನುಗ್ಗೇಹಳ್ಳಿಯ ತರುಣರಿಗೆ ಆಟ ಕಲಿಸಲು ಮೇಷ್ಟ್ರು ಒಪ್ಪಿದ್ದಾರೆ. ಹನ್ನೊಂದು ಹೆಸರು ಕೇಳಿದರೆ ನಲವತ್ತು ಬಂದವಂತೆ; ಒಂದನ್ನೂ ಹೊಡೆದುಹಾಕದೆ ಅಷ್ಟನ್ನೂ ಬರೆದುಕೊಂಡರಂತೆ. ಆ ನಲವತ್ತೂ ಜನರ ಕಾಲಿಗೆ ಸಾಕುಸಾಕೆನಿಸುವಷ್ಟು ಬಾರಿ ಚೆಂಡು ತಲುಪುವವರೆಗೆ ಭಗವಂತನು ಶ್ರೀ ಪಾಲಾಕ್ಷಯ್ಯನವರಿಗೆ ಆಯುರಾರೋಗ್ಯವನ್ನೂ, ಗಟ್ಟಿಯಾದ ಸೈಕಲ್ಲನ್ನೂ ಕರುಣಿಸಲಿ.