ಹನ್ನೆರಡು ಎಂಎಂ ಪಟ್ಟಿ

ಹಾವೇರಿಯ ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷ್ ಈಗ ನನಗೆ ಉಪಯೋಗಕ್ಕೆ ಬರುವುದು ಔಷಧಿ ಚೀಟಿ ಓದಲು, ಮತ್ತು ನಮ್ಮ ಮನೆಯವರ ವೆಲ್ಡಿಂಗ್ ಮಷೀನಿನ ಮ್ಯಾನ್ಯುಯಲ್ ಓದಲು. ಡ್ರಾಯಿಂಗ್ ಮಾಸ್ತರಾಗಿ ರಿಟೈರ್ ಆದಮೇಲೆ ಅವರು ಆ ಪುಟ್ಟ ಮಷೀನನ್ನು ರಾಣೆಬೆನ್ನೂರಿನಿಂದ ತಂದರು. ಹೆಗಲಿಗೆ ತೂಗುಹಾಕಿಕೊಳ್ಳುವಷ್ಟು ಹಗುರ. ಗೇಟು, ಹೂಕುಂಡದ ಸ್ಟ್ಯಾಂಡು ಎಲ್ಲ ನೀಟಾಗಿ ಮಾಡಿದರು. ನಮ್ಮೂರು ಅಗಡಿಯಲ್ಲಿ ಹೆಸರೂ ಆಯಿತು.

ಕಳೆದ ಸೋಮವಾರ ಬೆಳಿಗ್ಗೆ ಮೈದುನ ಟ್ರ್ಯಾಕ್ಟರ್ ತಂದು ನಮ್ಮ ಬಾಗಿಲಲ್ಲಿ ನಿಲ್ಲಿಸಿದ. ಟ್ರೇಲರನ್ನು ಎಳೆಯುವ ಕಬ್ಬಿಣದ ಪಟ್ಟಿ ಬಿರುಕು ಬಿಟ್ಟಿತ್ತು. ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೊರಟ ಹೆಂಗಸರು ಬುತ್ತಿ ಹಿಡಿದು ಟ್ರೇಲರಿನಲ್ಲೇ ಕುಳಿತಿದ್ದರು.

ಪಟ್ಟಿ ಹನ್ನೆರಡು ಎಂಎಂ ದಪ್ಪ. ನಾನು ಪುಸ್ತಕ ತಂದು ಓದಿ ಹೇಳಿದೆ: ಈ ಮಷೀನಿಗೆ ಒಂದು ಸಲಕ್ಕೆ ನಾಲ್ಕು ಎಂಎಂ ಲಿಮಿಟ್. ಅದಕ್ಕಿಂತ ದಪ್ಪವಿದ್ದರೆ ಬಿರುಕನ್ನು ಆಳಕ್ಕೆ ಉಜ್ಜಿ ತೆಗೆದು ಪದರದ ಮೇಲೆ ಪದರ ಹಾಕುತ್ತ ಬರಬೇಕು. ಇಲ್ಲವಾದರೆ ಬೆಸುಗೆ ಮೇಲುಮೇಲೆ ಕೂರುತ್ತದೆ, ಒಳಗೆ ಹಿಡಿಯುವುದಿಲ್ಲ.

“ನಿನ್ನ ಇಂಗ್ಲಿಷ್ ಕಬ್ಬಿಣಕ್ಕ ತಿಳೀತೈತೇನು?” ಎಂದರು ಇವರು. ಹೆಂಗಸರು ನಕ್ಕರು. ಅಷ್ಟು ಮಂದಿಯ ಎದುರು ತಮ್ಮ ಮಷೀನಿಗೆ ಆಗದು ಎನ್ನುವ ಜೀವವಲ್ಲ ಅದು.

ಬಿರುಕನ್ನು ಉಜ್ಜದೆ, ಮೇಲೆ ಒಂದೇ ಪದರ ಹಾಕಿ ಹತ್ತು ನಿಮಿಷದಲ್ಲಿ ಮುಗಿಸಿದರು. ನೋಡಲು ಬ್ಯೂಟಿಫುಲ್, ಬಿಗಿಯಾಗಿ ಹೆಣೆದ ಜಡೆಯ ಹಾಗೆ. ಮೈದುನ ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದ. ಹೊರಟ ಗಾಡಿಯ ಮುಂದೆ ಕೆಟ್ಟ ಮಾತು ಆಡಬಾರದು, ಗೊತ್ತು. ಆದರೂ ಬಾಯಿಂದ ಬಂದೇಬಿಟ್ಟಿತು.

“ಇದು ಮುರೀತೈತಿ. ಇಳೀರಿ ಎಲ್ಲಾರೂ.”

ನಗು ನಿಂತಿತು. ಒಬ್ಬೊಬ್ಬರಾಗಿ ಇಳಿದರು. ಪುಸ್ತಕಕ್ಕೆ ಇಳಿಯದವರು ಅಪಶಕುನಕ್ಕೆ ಇಳಿದಿದ್ದರು. ಥ್ಯಾಂಕ್ ಗಾಡ್, ಹೇಗೋ ಇಳಿದರಲ್ಲ ಎಂದುಕೊಂಡೆ.

“ಏನ್ ವೈನಿ, ಹೊಂಡೂ ಹೊತ್ತಿನ್ಯಾಗ ಇಂಥಾ ಮಾತು,” ಎಂದ ಮೈದುನ ನಮ್ಮ ಅಡುಗೆಮನೆಯಿಂದಲೇ ಇನ್ನೊಂದು ಕಾಯಿ ತಂದು ಚಕ್ರದ ಮುಂದೆ ಒಡೆದ. ಅಲ್ಲಿಗೆ ದೋಷ ಕಳೆಯಿತು. ಎಲ್ಲರೂ ಮತ್ತೆ ಹತ್ತತೊಡಗಿದರು. ನನ್ನ ವಯಸ್ಸಿನವಳೊಬ್ಬಳು ಹತ್ತಲಾರದೆ ಕೈ ಚಾಚಿದಳು. ಏನು ಮಾಡಲಿ? ಹಿಡಿದು ನಾನೇ ಹತ್ತಿಸಿದೆ.

ಸಂಜೆ ಟ್ರೇಲರ್ ಎಲ್ಲರನ್ನೂ ಸುಖವಾಗಿ ಮರಳಿ ತಂದಿತು. “ನೋಡಿದೇನು?” ಎಂದರು ಇವರು.

ನೋಡಿದೆ. ಇವತ್ತು ಬೆಳಿಗ್ಗೆಯೂ ಅದೇ ಬೆಸುಗೆಯ ಮೇಲೆ ಟ್ರೇಲರ್ ಹೊರಟಿದ್ದನ್ನು ಕಿಟಕಿಯಲ್ಲಿ ನಿಂತು ನೋಡಿದೆ. ನಾನು ಹತ್ತಿಸಿದ ಆ ಹೆಂಗಸು ನನಗೆ ಕೈ ಬೀಸಿದಳು. ಮೆಣಸಿನಕಾಯಿ ಸೀಸನ್ ಮುಗಿಯಲು ಇನ್ನೂ ಎರಡು ತಿಂಗಳಿದೆ.